ಬಹುಮಾನ ಬಂದಿದೆ ಅಂತ ದುಡ್ಡು ಕಟ್ಟಿಸಿಕೊಂಡರು, ವಾಪಸ್ ಸಿಗುತ್ತಾ?

ಪ್ರಶ್ನೆ: ಚಿಕ್ಕಮ್ಮನಿಗೆ ಕಾರು ಬಹುಮಾನ ಬಂದಿದೆ ಅಂತ ಮೆಸೇಜ್ ಬಂತು. ಮೊದಲು ನೋಂದಣಿ ಶುಲ್ಕ, ಆಮೇಲೆ ತೆರಿಗೆ, ಈಗ ಸಾಗಣೆ ಖರ್ಚು ಅಂತ ಕೇಳುತ್ತಿದ್ದಾರೆ. ಮೊದಲನೆಯದು ಕಾರ್ಡಿನಿಂದ, ಎರಡನೆಯದು ನೇರ ಖಾತೆಗೆ ಹೋಗಿಬಿಟ್ಟಿದೆ. ಏನು ಮಾಡೋದು?

ಉತ್ತರ: ಇದನ್ನು ಓದೋದು ಆಮೇಲೆ, ಮೊದಲು ಬ್ಯಾಂಕಿಗೆ ಫೋನ್ ಮಾಡಿ. ಕಾರ್ಡ್ ಪಾವತಿಗೆ ಚಾರ್ಜ್‌ಬ್ಯಾಕ್ (ಕಾರ್ಡಿನಿಂದ ಹೋದ ಹಣವನ್ನು ಬ್ಯಾಂಕ್ ಮೂಲಕ ವಾಪಸ್ ಕೇಳೋದು) ಕೇಳಿ, ಅದಕ್ಕೆ ಗಡುವು ಇರುತ್ತದೆ. ಖಾತೆಗೆ ಹೋದದ್ದು ಕಷ್ಟ, ಯಾಕಂದ್ರೆ ಅವರು ಅದನ್ನು ಬೇಗ ಬೇರೆ ಬೇರೆ ಖಾತೆಗಳಿಗೆ ಸಾಗಿಸಿಬಿಡುತ್ತಾರೆ, ಆದರೂ ಇನ್ನೂ ಅಲ್ಲೇ ಇದ್ದರೆ ತಡೆಹಿಡಿಯಬಹುದು. ಪೊಲೀಸರಿಗೂ ದೂರು ಕೊಟ್ಟು, ಅದರ ಪ್ರತಿಯನ್ನು ಬ್ಯಾಂಕಿಗೆ ಕೊಡಿ.

ಇನ್ನೊಬ್ಬರು: ಸಿಟ್ಟಲ್ಲಿ ಚಾಟ್ ಅಳಿಸಬೇಡಿ! ನಂಬರ್, ಪಾವತಿ ರಸೀದಿ ಎಲ್ಲದರ ಸ್ಕ್ರೀನ್‌ಶಾಟ್ ಇರಲಿ. ಅವರು ಹೇಳಿ ಹಾಕಿಸಿದ ಆ್ಯಪ್ ಇದ್ದರೆ ತೆಗೆದುಹಾಕಿ, ಬೇರೆ ಫೋನಿನಿಂದ ಪಾಸ್‌ವರ್ಡ್ ಬದಲಿಸಿ. ಚಿಕ್ಕಮ್ಮನನ್ನು ಬೈಯಬೇಡಿ, ಬೈದರೆ ಮುಂದಿನದನ್ನು ಮುಚ್ಚಿಡುತ್ತಾರೆ.

ಕೇಳಿದವರು: ಕಾರ್ಡ್ ಬ್ಲಾಕ್ ಆಯಿತು, ಚಾರ್ಜ್‌ಬ್ಯಾಕ್ ಅರ್ಜಿಯೂ ಹೋಯಿತು. ಈಗ ಯಾರೋ ವಕೀಲರಂತೆ, ‘ಹೋದ ಹಣ ಪೂರ್ತಿ ಕೊಡಿಸುತ್ತೇನೆ, ಸ್ವಲ್ಪ ಮುಂಗಡ ಹಾಕಿ’ ಅನ್ನುತ್ತಿದ್ದಾರೆ.

ಉತ್ತರ: ಅದೂ ಮೋಸವೇ. ಅದೇ ಗುಂಪು, ಇಲ್ಲಾ ಅವರಿಂದ ಚಿಕ್ಕಮ್ಮನ ನಂಬರ್ ಕೊಂಡವರು. ಒಂದು ಪೈಸೆನೂ ಹಾಕಬೇಡಿ, ಆ ‘ವಕೀಲರ’ ನಂಬರನ್ನೂ ದೂರಿಗೆ ಸೇರಿಸಿ.