ಮಿಲ್ಲಿನ ಪಿಎಲ್‌ಸಿ, ಹೊಲದ ಸ್ಟಾರ್ಟರ್: ಇಂಜಿನಿಯರ್ ಜೊತಿ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಗಂಗಾವತಿಯ ಆಟೋಮೇಷನ್ ಇಂಜಿನಿಯರ್ ಸರ್ ಈಗ ಗುಂಪಿನ್ಯಾಗ ಅದಾರ. ಮಿಷಿನ್ನು, ಸೆನ್ಸರ್, ಸ್ಟಾರ್ಟರ್ ತಮ್ತಮ್ಮೊಳಗ ಮಾತಾಡೋ ದಾರಿಯನ್ನ ಹ್ಯಾಕರ್‌ಗಳಿಂದ ಹೆಂಗ ಕಾಯೋದು, ಅದನ್ನಷ್ಟ ಕೇಳ್ರಿ.

ಸಿಂಧನೂರು ರೈತ: ನಮಸ್ಕಾರ ಸರ. ಬೋರಿಗೆ ಮೊಬೈಲ್ ಸ್ಟಾರ್ಟರ್ ಹಾಕೀನಿ. ಮಿಸ್ ಕಾಲ್ ಕೊಟ್ರ ಮೋಟರ್ ಚಾಲೂ ಆಗ್ತದ. ಬ್ಯಾರೆಯವರು ಚಾಲೂ ಮಾಡಬಹುದೇನ್ರಿ?

ಇಂಜಿನಿಯರ್: ನಮಸ್ಕಾರ್ರಿ. ಮಾಡಬಹುದು. ಆ ಪೆಟ್ಟಿಗಿ ಕರೆ ಬಂದ ನಂಬರ್ ನೋಡಿ ನಂಬತೈತಿ, ಸುಳ್ಳು ನಂಬರ್ ತೋರಿಸಿ ಕರೆ ಮಾಡಾಕ ಬರತೈತಿ. ಎಸ್ಸೆಮ್ಮೆಸ್‌ನಿಂದ ನಡೆಯೋ ಮಾಡೆಲ್ ಆದ್ರ ಕಂಪನಿ ಕೊಟ್ಟ ಪಾಸ್‌ವರ್ಡ್ ಇವತ್ತ ಬದಲಿಸ್ರಿ. ಲೋಡ್ ಹೆಚ್ಚಾದ್ರ ಮೋಟರ್ ನಿಲ್ಲಿಸೋ ಓವರ್‌ಲೋಡ್ ರಿಲೇ, ನೀರಿಲ್ಲದಾಗ ನಿಲ್ಲಿಸೋ ಡ್ರೈ ರನ್ ರಿಲೇ ಬ್ಯಾರೆ ಇರಲಿ. ಯಾರ ಚಾಲೂ ಮಾಡಿದ್ರೂ ಮೋಟರ್ ಸುಡಬಾರದು.

ರಾಯಚೂರು ಸದಸ್ಯ: ಸ್ಮಾರ್ಟ್ ಮೀಟರ್ ಹ್ಯಾಕ್ ಆಗ್ತಾವೇನ್ರಿ ಸರ?

ಕಾರಟಗಿ ಮಿಲ್ ಮ್ಯಾನೇಜರ್: ಸರ್, ನಮ್ಮದು ಬಾಯಿಲ್ಡ್ ರೈಸ್ ಮಿಲ್, ಹೊಟ್ಟಿನ ಬಾಯ್ಲರ್ ಐತಿ. ಮೊನ್ನೆ ರಾತ್ರಿ 2ಕ್ಕ ಡ್ರೈಯರ್ ಸೆಟ್ಟಿಂಗ್ 85 ಇದ್ದದ್ದು 130 ಆಗಿತ್ತು. ಆಪರೇಟರ್ ನಾ ಮುಟ್ಟಿಲ್ಲ ಅಂತಾನ. ಆ ಬ್ಯಾಚಿನ ಅಕ್ಕಿ ಎಲ್ಲಾ ನುಚ್ಚಾತು. ಮಾಲಕರು ಫೋನಿನ್ಯಾಗ ನೋಡಬೇಕಂದಿದ್ದಕ್ಕ ಪ್ಯಾನಲ್ ಮಾಡಿದವರು ರೂಟರ್‌ನಾಗ 502 ಅಂತ ಏನೋ ತೆರೆದು ಕೊಟ್ಟಾರ.

ಇಂಜಿನಿಯರ್: ಮ್ಯಾನೇಜರ್ ಸರ್, ಮೊದಲು ಮಿಲ್ಲಿಗೆ ಫೋನ್ ಹಚ್ಚಿ, ಪಿಎಲ್‌ಸಿಯಿಂದ, ಅಂದ್ರ ಮಿಷಿನ್ನು ನಡೆಸೋ ಸಣ್ಣ ಕಂಪ್ಯೂಟರಿನಿಂದ, ರೂಟರ್‌ಗೆ ಹೋಗೋ ವೈರ್ ಬಿಚ್ಚಿಸ್ರಿ. ಉಳಿದದ್ದು ಆಮ್ಯಾಲ ಓದ್ರಿ. ಬಾಯ್ಲರ್ ಐತಿ ಅಂದ ಕೂಡಲೇ ನನಗ ಹೆದರಿಕಿ ಆತು.

502 ಅಂದ್ರ ಮಾಡ್‌ಬಸ್ ಟಿಸಿಪಿಯ ಬಾಗಿಲು (ಪೋರ್ಟ್). ಮಾಡ್‌ಬಸ್ ಅಂದ್ರ ಮಿಷಿನ್ನು ತಮ್ತಮ್ಮೊಳಗ ಮಾತಾಡೋ ಭಾಷೆ. ಮಾಡ್‌ಬಸ್ 1979ರಾಗ ಮಾಡಿಕಾನ್ ಕಂಪನಿ ತಂದಿದ್ದು, ಒಂದ ಶೆಡ್ಡಿನೊಳಗ ವೈರ್ ಎಳೆದು ಮಾತಾಡೋ ಕಾಲದ್ದು. ಅದಕ್ಕ ‘ನೀ ಯಾರು’ ಅಂತ ಕೇಳಾಕ ಬರಂಗಿಲ್ಲ. ಇಂಥಾ ರಿಜಿಸ್ಟರ್‌ನಾಗ (ಪಿಎಲ್‌ಸಿಯ ನೆನಪಿನ ಖಾನೆಯೊಳಗ) 130 ಬರಿ ಅಂದ್ರ ಬರಿತೈತಿ, ಹೇಳಿದವ ನಿಮ್ಮ ಆಪರೇಟರ್ ಇರಲಿ, ಯಾವ ದೇಶದವ ಇರಲಿ. ತೆರೆದ ಬಾಗಿಲು ಹುಡುಕೋ ಪ್ರೋಗ್ರಾಂ ಇಂಟರ್ನೆಟ್ಟಿನ್ಯಾಗ ಹಗಲು ರಾತ್ರಿ ತಿರಗತಾವ, ಕಾರಟಗಿ ಎಲ್ಲೈತಿ ಅಂತ ಅವಕ್ಕ ಗೊತ್ತಿರಬೇಕಾಗಿಲ್ಲ. 2023ರ ನವೆಂಬರ್‌ನಾಗ ಅಮೆರಿಕದ ಪೆನ್ಸಿಲ್ವೇನಿಯಾದಾಗ ಅಲಿಕ್ವಿಪ್ಪಾ ಊರಿನ ನೀರಿನ ಪಂಪಿನ ಪಿಎಲ್‌ಸಿಗೆ ಹ್ಯಾಕರ್‌ಗಳು ಕೈ ಹಾಕಿದ್ರು. ಆ ಪಿಎಲ್‌ಸಿ ಮಾಡಿದ ಕಂಪನಿ ಕಾರ್ಖಾನ್ಯಾಗ ಇಡತಿದ್ದ ಪಾಸ್‌ವರ್ಡ್ 1111. ಊರವರು ಪಂಪನ್ನ ಕೈಯಿಂದ ನಡೆಸಬೇಕಾತು.

ನಿಮ್ಮಲ್ಲಿ ಆದದ್ದು ಹ್ಯಾಕ್ ಅಂತ ನಾ ಇನ್ನೂ ಹೇಳಂಗಿಲ್ಲ. ಸ್ಕ್ರೀನ್ ಮ್ಯಾಲ ಕೈ ತಪ್ಪಿರಬಹುದು, ಹಳೆ ಸರ್ವಿಸ್ ಹುಡುಗನ ಲ್ಯಾಪ್‌ಟಾಪ್ ಇರಬಹುದು. ಅದಕ್ಕ ರೂಟರ್ ರೀಸೆಟ್ ಮಾಡಬ್ಯಾಡ್ರಿ, ಲಾಗ್ ಅಳಿಸಿ ಹೋಗತೈತಿ. ಫೋಟೋ ತಗೀರಿ. ಪಿಎಲ್‌ಸಿ ಪ್ರೋಗ್ರಾಂ ಹಳೆ ಬ್ಯಾಕಪ್ ಜೊತಿ ಹೋಲಿಸ್ರಿ. ದಾಳಿ ಅಂತ ಕಂಡ್ರ 6 ತಾಸಿನೊಳಗ ಸರ್ಟ್-ಇನ್‌ಗೆ (ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆಗೆ) ತಿಳಿಸಬೇಕು, 2022ರಿಂದ ಆ ನಿಯಮ ಐತಿ.

ಇನ್ನೊಂದು, ಇದು ಎಲ್ಲಕ್ಕಿಂತ ದೊಡ್ಡದು. ಬಾಯ್ಲರಿನ ಸೇಫ್ಟಿ ವಾಲ್ವ್, ಉಗಿಯ ಒತ್ತಡ ಸ್ಪ್ರಿಂಗಿನ ಬಲ ಮೀರಿದ ಕೂಡಲೇ ತಾನ ತೆರೀಬೇಕು. ಪ್ರೆಷರ್ ಸ್ವಿಚ್, ನೀರು ಕಡಿಮಿ ಆದಾಗಿನ ಕಟಾಫ್ ನೇರ ವೈರಿನಿಂದ ಬೆಂಕಿಗೆ ಗಾಳಿ ಕೊಡೋ ಫ್ಯಾನ್ ನಿಲ್ಲಿಸಬೇಕು, ಪಿಎಲ್‌ಸಿಯ ಒಪ್ಪಿಗಿ ಕೇಳಬಾರದು. ಈಗ ಯಾರನ್ನರ ಕಳಿಸಿ ನೋಡಸ್ರಿ. ಮಾಲಕರಿಗೆ ಫೋನಿನ್ಯಾಗ ಕಾಣಬೇಕಂದ್ರ ವಿಪಿಎನ್ (ಇಂಟರ್ನೆಟ್ಟಿನೊಳಗ ಕೀಲಿ ಹಾಕಿದ ಖಾಸಗಿ ದಾರಿ) ಮೂಲಕ ಕಾಣಲಿ, ಅದೂ ಓದಾಕಷ್ಟ.

ಬಳ್ಳಾರಿ ಸದಸ್ಯ: ಫಾರ್ವರ್ಡ್ ಬಂದೈತೆ ನೋಡಿ: “502 ಬದಲು 5020 ಇಡಿ, ಹ್ಯಾಕರ್‌ಗೆ ಎಂದಿಗೂ ಕಾಣದು. ಈ ಎಪಿಕೆ ಹಾಕಿಕೊಂಡರೆ ಪಿಎಲ್‌ಸಿಗೆ ಪೂರ್ತಿ ರಕ್ಷಣೆ. 10 ಜನರಿಗೆ ಕಳಿಸಿ.”

ಇಂಜಿನಿಯರ್: ಆ ಎಪಿಕೆ (ಆ್ಯಪ್ ಫೈಲ್) ಯಾರೂ ಒತ್ತಬ್ಯಾಡ್ರಿ! ಓಟಿಪಿ ಕದಿಯೋ ಆ್ಯಪ್ ಹಿಂಗ ಬರತಾವ. ಬಾಗಿಲಿನ ನಂಬರ್ ಬದಲಿಸಿದ್ರ ಕೀಲಿ ಹಾಕಿದಂಗಾಗಂಗಿಲ್ಲ, ಹುಡುಕೋರು 65,535 ಬಾಗಿಲನ್ನೂ ಬಡಿತಾರ. ಅಡ್ಮಿನ್, ಅದನ್ನ ಅಳಸ್ರಿ.

ಕುಷ್ಟಗಿ ವಿದ್ಯಾರ್ಥಿ: ಸರ್, ಇಎಸ್‌ಪಿ32 ಚಿಪ್, ದೂರ ಮಾತಾಡೋ ಲೋರಾ ರೇಡಿಯೋ ಹಾಕಿ ಕಾಲುವೆ ಗೇಟಿನ ಪ್ರಾಜೆಕ್ಟ್ ಮಾಡೀನಿ. ಮೆಸೇಜ್ ಎಲ್ಲಾ ಎಇಎಸ್ ಅನ್ನೋ ಗುಪ್ತಲಿಪಿಯಾಗ ಗುಟ್ಟು ಮಾಡೀನಿ. ಸಾಕಲ್ರಿ?

ಇಂಜಿನಿಯರ್: ಸಾಲಂಗಿಲ್ಲ ತಮ್ಮಾ. ನಿನ್ನ ‘ಗೇಟ್ ತೆರಿ’ ಮೆಸೇಜನ್ನ ಒಬ್ಬ ಗಾಳ್ಯಾಗ ಹಿಡಿದಿಟ್ಟು ನಾಳೆ ಹಂಗ ವಾಪಸ್ ಬಿಟ್ರ ಗೇಟ್ ತೆರಿತೈತಿ, ಅವ ಅದನ್ನ ಓದಬೇಕಾಗೇ ಇಲ್ಲ. ಪ್ರತಿ ಮೆಸೇಜಿಗೂ ಏರತಾ ಹೋಗೋ ಎಣಿಕಿ ಹಚ್ಚು, ಹಳೆ ಎಣಿಕಿ ಬಂದ್ರ ಒಗಿ. ಕರೆಂಟ್ ಹೋದ್ರೂ ಎಣಿಕಿ ಉಳಿಬೇಕು. ಎಇಎಸ್‌ನ ಜಿಸಿಎಂ ಅನ್ನೋ ವಿಧಾನ ಬಳಸು, ನಡುವ ಯಾರರ ತಿದ್ದಿದ್ರ ಗೊತ್ತಾಗತೈತಿ. ಗೇಟಿಗೊಂದು ಬ್ಯಾರೆ ಗುಟ್ಟಿನ ಕೀ ಇಡು. 2000ದಾಗ ಆಸ್ಟ್ರೇಲಿಯಾದ ಮರೂಚಿಯೊಳಗ, ಮೊದಲು ಗುತ್ತಿಗೆ ಕಂಪನಿಯಲ್ಲಿದ್ದ ಒಬ್ಬ ರೇಡಿಯೋದಿಂದ ಸುಳ್ಳು ಆದೇಶ ಕಳಿಸಿ ಚರಂಡಿ ನೀರನ್ನ ಪಾರ್ಕಿಗೆ, ಹಳ್ಳಕ್ಕ ಬಿಟ್ಟಿದ್ದ.

ಯಲಬುರ್ಗಾ ಸದಸ್ಯ: ಮೊಬೈಲ್ ಸ್ಟಾರ್ಟರ್ ಸೇಫ್ ಏನ್ರಿ?

ಇಂಜಿನಿಯರ್: ಮ್ಯಾಲ ಹೇಳೀನಿ.

ಬಳ್ಳಾರಿ ಪ್ಯಾನಲ್ ಬಿಲ್ಡರ್: ಎಲ್ಲಾ ಪ್ಯಾನಲ್‌ನೋರ ಮ್ಯಾಲೆ ಹಾಕ್ಬೇಡ್ರಿ. ವಿಪಿಎನ್ ರೂಟರ್ ಅಂತ ಕೊಟೇಷನ್‌ನಾಗೆ ಬರೆದ್ರೆ ಮೊದ್ಲು ಅದನ್ನೇ ಹೊಡೆದು ಹಾಕ್ತಾರೆ ಮಿಲ್‌ನೋರು.

ಕಾರಟಗಿ ಮಿಲ್ ಮ್ಯಾನೇಜರ್: ರೇಟ್ ಇಳಸ್ರಿ ಅಂದ್ರ ಬಾಗಿಲು ತೆರೆದಿಡ್ರಿ ಅಂದಂಗಾತೇನು? ನಮಗ ಒಂದ್ ಮಾತು ಹೇಳಿಲ್ಲ.

ಬಳ್ಳಾರಿ ಪ್ಯಾನಲ್ ಬಿಲ್ಡರ್: ಹೇಳಿದ್ರೆ ಕೇಳ್ತಿದ್ರಾ? ಫೋನ್‌ನಾಗೆ ಬಂದ್ರೆ ಸಾಕು ಅಂತೀರಿ.

ಕಾರಟಗಿ ಮಿಲ್ ಮ್ಯಾನೇಜರ್: ನಿಮ್ಮಂಥವರಿಂದನ ನಮ್ಮ ಮಾಲು ಹಾಳಾಗಿದ್ದು.

ರಾಯಚೂರು ಸದಸ್ಯ: ಸ್ಮಾರ್ಟ್ ಮೀಟರ್ ಬಗ್ಗೆ ಕೇಳಿದ್ದೆ ಸರ.

ಬಳ್ಳಾರಿ ಪ್ಯಾನಲ್ ಬಿಲ್ಡರ್: ಮಾತು ಹಿಡಿತದಾಗೆ ಇರ್ಲಿ ಮ್ಯಾನೇಜರೇ. ನಿಮ್ಮ ಪ್ಯಾನಲ್ ನಾನು ಮಾಡಿದ್ದಲ್ಲ.

ಇಂಜಿನಿಯರ್: ಇಬ್ಬರೂ ನಿಲ್ಲಸ್ರಿ. ವೈರ್ ಬಿಚ್ಚಿದ್ರಾ ಇಲ್ಲಾ, ಅದನ್ನ ಹೇಳ್ರಿ.

ಕಾರಟಗಿ ಮಿಲ್ ಮ್ಯಾನೇಜರ್: ಬಿಚ್ಚಿಸೀನಿ ಸರ್. ಎಲೆಕ್ಟ್ರಿಷಿಯನ್ ಪ್ಯಾನಲ್ ತೆರೆದು ನೋಡ್ಯಾನ. ಪ್ರೆಷರ್ ಸ್ವಿಚ್ಚಿನ ವೈರ್ ಸೀದಾ ಪಿಎಲ್‌ಸಿಗೇ ಹೋಗೈತಂತ. ಫ್ಯಾನಿಗೆ ಬ್ಯಾರೆ ಏನೂ ಇಲ್ಲ.

ಇಂಜಿನಿಯರ್: ಹೊಟ್ಟು ಹಾಕೋದು ಈಗ ನಿಲ್ಲಸ್ರಿ, ಬೆಂಕಿ ತಾನ ಇಳಿಲಿ. ನೀರಿನ ಮಟ್ಟ ಗೇಜ್ ಗ್ಲಾಸಿನ್ಯಾಗ ಕಾಣತಿರಲಿ, ಅಟೆಂಡೆಂಟ್ ಅಲ್ಲಿಂದ ಏಳಬಾರದು. ಮುಂಜಾನೆ 7ಕ್ಕ ಮಿಲ್ಲಿಗೆ ಬರತೀನಿ, ವೈರಿಂಗ್ ಡ್ರಾಯಿಂಗ್ ತಗದಿಟ್ಟಿರ್ರಿ.