‘ವಿಲೀನ’ವೋ ‘ಕೂಡಿಕೆ’ಯೋ? ಜೊತೆಗೆ ‘ಮುಕ್ತ’ದ ಒಂದು ತಕರಾರು

ಎಲ್ಲರಿಗೂ ನಮಸ್ಕಾರ. ಒಂದೇ ವಾಕ್ಯದಲ್ಲಿ ಮೂರು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ. ಬಿಡಿಸಿಕೊಡಿ.

ಡೊಂಬಿವಲಿಯ ನಮ್ಮ ಸಂಘ ಒಂದು ಚಿಕ್ಕ ಮಾಸಪತ್ರಿಕೆ ತರುತ್ತದೆ. ಪ್ರೂಫ್ ನೋಡುವುದು ನನ್ನ ಪಾಲಿನ ಕೆಲಸ. ಈ ಸಲ ಸದಸ್ಯರೊಬ್ಬರು ದೂರಶಿಕ್ಷಣದ ಬಗ್ಗೆ ಬರೆದುಕೊಟ್ಟಿದ್ದಾರೆ. ಅದರಲ್ಲಿ ದಕ್ಷಿಣ ಆಫ್ರಿಕಾದ ಕತೆ ಬರುತ್ತದೆ. 2004ರ ಜನವರಿ 1ರಂದು ಅಲ್ಲಿ ಅಂಚೆಯಲ್ಲಿ ಪಾಠ ಕಳಿಸುವ ಮೂರು ಸಂಸ್ಥೆಗಳು ಒಂದಾದವು. ಮೊದಲನೆಯದು ಯೂನಿವರ್ಸಿಟಿ ಆಫ್ ಸೌತ್ ಆಫ್ರಿಕಾ, ಎಲ್ಲರ ಬಾಯಲ್ಲಿ ಯೂನಿಸಾ. ನೆಲ್ಸನ್ ಮಂಡೇಲಾ ಸೆರೆಯಲ್ಲಿದ್ದುಕೊಂಡೇ ಓದಿ 1989ರಲ್ಲಿ ಕಾನೂನು ಪದವಿ ಪಡೆದದ್ದು ಇಲ್ಲಿಂದಲೇ. ಎರಡನೆಯದು ಟೆಕ್ನಿಕಾನ್ ಸದರ್ನ್ ಆಫ್ರಿಕಾ (ಟೆಕ್ನಿಕಾನ್ ಅಂದರೆ ಅಲ್ಲಿನ ತಾಂತ್ರಿಕ ಕಾಲೇಜು). ಮೂರನೆಯದು ವಿಸ್ಟಾ ಯೂನಿವರ್ಸಿಟಿಯ ದೂರಶಿಕ್ಷಣ ವಿಭಾಗ. ಮೂರೂ ಸೇರಿದ ಮೇಲೆ ಉಳಿದ ಹೆಸರು ಯೂನಿಸಾ ಒಂದೇ.

ಲೇಖಕರ ವಾಕ್ಯ ಹೀಗಿದೆ: ‘ಮೂರೂ ಮುಕ್ತ ಸಂಸ್ಥೆಗಳು ವಿಲೀನಗೊಂಡು ಸಮಾನ ಹೆಸರನ್ನು ಹೊಂದಿದವು.’

‘ಸಮಾನ ಹೆಸರು’ ಸುಲಭದ್ದು, ಅದನ್ನು ಮೊದಲು ಮುಗಿಸುತ್ತೇನೆ. ಸಮಾನ ಹೆಸರು ಅಂದರೆ ನಮ್ಮ ವಠಾರದ ಇಬ್ಬರು ರಮೇಶರ ಹೆಸರು. ಕೊರಿಯರ್ ಹುಡುಗ ತಪ್ಪು ಮನೆಯ ಬೆಲ್ ಒತ್ತುತ್ತಾನಲ್ಲ, ಅದು. ಇಲ್ಲಿ ಹೇಳಬೇಕಾದದ್ದು ಅದಲ್ಲ. ‘ಜಂಟಿ ಹೆಸರು’ ಅನ್ನೋಣ ಅಂದರೆ, ಜಂಟಿ ಖಾತೆಯಲ್ಲಿ ಇಬ್ಬರೂ ಬೇರೆ ಬೇರೆಯಾಗಿಯೇ ಇರುತ್ತಾರೆ. ‘ಕೂಡುಕುಟುಂಬ’ದ ಅಚ್ಚಿನಲ್ಲಿ ‘ಕೂಡುಹೆಸರು’ ಅನ್ನಬಹುದು. ಕಿವಿಗೆ ಚೆನ್ನಾಗಿದೆ, ಆದರೆ ಓದುಗರು ಅದನ್ನು ಎರಡು ಹೆಸರು ಅಂಟಿಸಿದ ಹೆಸರು ಅಂದುಕೊಂಡಾರು. ಸುಮ್ನೆ ‘ಮೂರಕ್ಕೂ ಸೇರಿ ಒಂದೇ ಹೆಸರು’ ಅಂತ ತಿದ್ದಿದ್ದೇನೆ. ತಕರಾರಿದ್ದರೆ ಹೇಳಿ.

ಕಷ್ಟ ಇರುವುದು ‘ವಿಲೀನ’ದಲ್ಲಿ.

ಮುಂಬಯಿ ಕನ್ನಡಿಗರಿಗೆ ಇದು ಪುಸ್ತಕದ ಪದ ಅಲ್ಲ. ನಮ್ಮ ಕಟ್ಟಡದಲ್ಲೇ ನಾಲ್ಕು ಮನೆ ಬ್ಯಾಂಕಿನವರದು, ಎಲ್ಲ ಉಡುಪಿ, ಮಂಗಳೂರು ಕಡೆಯವರು. 2019ರ ಏಪ್ರಿಲ್ 1ಕ್ಕೆ ವಿಜಯಾ ಬ್ಯಾಂಕು, ದೇನಾ ಬ್ಯಾಂಕು ಎರಡೂ ಬ್ಯಾಂಕ್ ಆಫ್ ಬರೋಡಾಕ್ಕೆ ಸೇರಿದವು. ಮರುವರ್ಷ ಅದೇ ದಿನ ಸಿಂಡಿಕೇಟ್ ಕೆನರಾಕ್ಕೆ ಸೇರಿತು, ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿಗೆ. ಪೇಪರಿನವರು ‘ವಿಲೀನ’ ಅಂತ ಬರೆದರು. ಮೆಟ್ಟಿಲ ಮೇಲೆ ಸಿಕ್ಕವರು ‘ನಮ್ದು ಕೆನರಾದ ಒಳಗೆ ಹೋಯ್ತು’ ಅಂದರು. ನನ್ನ ಮಟ್ಟಿಗೆ ಇದೇ ವಿಲೀನಕ್ಕೆ ಸರಿಯಾದ ಕನ್ನಡ: ಒಳಗೆ ಹೋಗುವುದು. ಒಳಗೆ ಹೋದದ್ದರ ಬೋರ್ಡು ಕೆಳಗಿಳಿಯುತ್ತದೆ, ಒಳಗೆ ಬಿಟ್ಟುಕೊಂಡದ್ದರ ಬೋರ್ಡು ಅಲ್ಲೇ ಇರುತ್ತದೆ.

ವ್ಯಾಕರಣವೂ ಇದನ್ನೇ ಹೇಳುತ್ತದೆ. ವಿಲೀನಕ್ಕೆ ‘ಅಲ್ಲಿ’ ಪ್ರತ್ಯಯ ಬೇಕು. ಉಪ್ಪು ನೀರಿನಲ್ಲಿ, ಹೊಳೆ ಕಡಲಿನಲ್ಲಿ, ತೀರಿಕೊಂಡವರು ಪಂಚಭೂತಗಳಲ್ಲಿ ಲೀನ. ಈಗೀಗ ಪೇಪರುಗಳಲ್ಲಿ ‘ಕೆನರಾದೊಂದಿಗೆ ವಿಲೀನ’, ‘ಬರೋಡಾ ಜೊತೆ ವಿಲೀನ’ ಅಂತ ಜಾಸ್ತಿ ಕಾಣುತ್ತದೆ. ಉಪ್ಪು ಸಕ್ಕರೆಯ ಜೊತೆ ಕರಗಿತು ಅಂದರೆ ಎರಡೂ ಕರಗಿದವು ಅಂತಲೇ ಅರ್ಥ, ಅಲ್ವಾ? ಹಾಗಾದರೆ ನೀರು ಯಾವುದು?

ಗೋವಾದಲ್ಲಿ ಈ ಪದ ಇನ್ನೂ ಬಿಸಿಯಾಗಿದೆ. ನನ್ನ ಅಕ್ಕ ವಾಸ್ಕೋದಲ್ಲಿ ಇದ್ದಾಳೆ. ಅವಳ ನೆರೆಮನೆಯ ಅಜ್ಜನ ಎದುರು ‘ವಿಲೀನೀಕರಣ’ ಅಂದರೆ ಬ್ಯಾಂಕು ನೆನಪಾಗುವುದಿಲ್ಲ, 1967ರ ಜನವರಿ 16 ನೆನಪಾಗುತ್ತದೆ. ಗೋವಾ ಮಹಾರಾಷ್ಟ್ರದಲ್ಲಿ ಸೇರಬೇಕೇ, ಕೇಂದ್ರಾಡಳಿತ ಪ್ರದೇಶವಾಗಿ ಬೇರೆಯೇ ಉಳಿಯಬೇಕೇ ಅಂತ ಜನರನ್ನೇ ಕೇಳಿದ ದಿನ. ಮತದ ಗುರುತು ಎರಡು: ಹೂವು ಸೇರುವುದಕ್ಕೆ, ಎರಡೆಲೆ ಬೇರೆ ಇರುವುದಕ್ಕೆ. ಎರಡೆಲೆ 34,021 ಮತಗಳಿಂದ ಗೆದ್ದಿತು. ಅಲ್ಲೂ ಪದ ವಿಲೀನವೇ, ಏಕೆಂದರೆ ಸೇರಿದ್ದರೆ ನಕ್ಷೆಯಲ್ಲಿ ರಾಜ್ಯದ ಹೆಸರಾಗಿ ಉಳಿಯುತ್ತಿದ್ದದ್ದು ಯಾವುದು ಅನ್ನುವುದರಲ್ಲಿ ಯಾರಿಗೂ ಅನುಮಾನ ಇರಲಿಲ್ಲ.

ಈಗ ನಮ್ಮದೇ ರಾಜ್ಯ ನೋಡಿ. 1956ರ ನವೆಂಬರ್ 1ಕ್ಕೆ ಆದದ್ದನ್ನು ನಾವು ವಿಲೀನ ಅನ್ನುವುದೇ ಇಲ್ಲ, ‘ಏಕೀಕರಣ’ ಅನ್ನುತ್ತೇವೆ. ಮುಂಬಯಿ ರಾಜ್ಯದ ಧಾರವಾಡ, ಬಿಜಾಪುರ, ಬೆಳಗಾವಿ, ಕಾರವಾರದ ಕಡೆಯವರು, ಹೈದರಾಬಾದಿನ ಕಡೆಯವರು, ಮದರಾಸಿನ ಕಡೆಯವರು, ಕೊಡಗಿನವರು, ಮೈಸೂರಿನವರು, ಎಲ್ಲ ಒಂದಾದರು. ಹೊಸ ರಾಜ್ಯ. ಆದರೆ ಹೆಸರು ಮಾತ್ರ ಹಳೆಯದು: ಮೈಸೂರು ರಾಜ್ಯ. ಅದು ಕರ್ನಾಟಕ ಆಗುವುದಕ್ಕೆ 1973ರ ನವೆಂಬರ್ 1ರ ತನಕ ಕಾಯಬೇಕಾಯಿತು. ಹದಿನೇಳು ವರ್ಷ. ನನ್ನ ತಂದೆ ಹುಬ್ಬಳ್ಳಿಯವರು. ಆ ಹದಿನೇಳು ವರ್ಷವೂ ಮುಂಬಯಿಯಲ್ಲಿ ಯಾರಾದರೂ ‘ನೀವು ಮೈಸೂರಿನವರಾ’ ಅಂದರೆ ‘ಅಲ್ಲ’ ಅನ್ನುತ್ತಿದ್ದರಂತೆ. ವಿಳಾಸದಲ್ಲಿ ಮೈಸೂರು ರಾಜ್ಯ ಅಂತಲೇ ಬರೆಯಬೇಕಿತ್ತು, ಅದು ಬೇರೆ ಮಾತು.

ಯೂನಿಸಾದ ಕತೆ ನನಗೆ ಈ 1956ರ ಹಾಗೆ ಕಾಣುತ್ತದೆ. ಮೂರೂ ಸೇರಿ ಹೊಸ ಸಂಸ್ಥೆಯೇ ಆಯಿತು, ಹೆಸರು ಮಾತ್ರ ದೊಡ್ಡವನದು. ಅದೇ ದೇಶದಲ್ಲಿ ಮರುವರ್ಷ ಇನ್ನೊಂದು ದಾರಿಯೂ ನಡೆಯಿತು. ಇವು ದೂರಶಿಕ್ಷಣದವಲ್ಲ, ಆದರೂ ಹೋಲಿಕೆಗೆ ಬೇಕು. 2005ರಲ್ಲಿ ರಾಂಡ್ ಆಫ್ರಿಕಾನ್ಸ್ ಯೂನಿವರ್ಸಿಟಿ, ಟೆಕ್ನಿಕಾನ್ ವಿಟ್‌ವಾಟರ್ಸ್‌ರಾಂಡ್ ಎರಡೂ ಒಂದಾದಾಗ ಎರಡು ಹೆಸರನ್ನೂ ಕೈಬಿಟ್ಟು ಯೂನಿವರ್ಸಿಟಿ ಆಫ್ ಜೋಹಾನ್ಸ್‌ಬರ್ಗ್ ಅಂತ ಊರಿನ ಹೆಸರಿಟ್ಟರು. ಇದಕ್ಕಂತೂ ವಿಲೀನ ಅನ್ನುವ ಮನಸ್ಸು ನನಗೆ ಬರುವುದಿಲ್ಲ. ಯಾವುದರಲ್ಲಿ ಯಾವುದು ವಿಲೀನ?

ಅಂದರೆ ನನ್ನ ಲೆಕ್ಕ ಇಷ್ಟು. ಒಂದು ಇನ್ನೊಂದರ ಒಳಗೆ ಹೋದರೆ ವಿಲೀನ. ಹಲವು ಸೇರಿ ಹೊಸದೊಂದು ಆದರೆ ‘ಕೂಡಿಕೆ’. ಹೆಸರು ಹಳೆಯದೇ ಉಳಿದರೂ ಕೂಡಿಕೆಯೇ, 1956ರ ಹಾಗೆ. ‘ಏಕೀಕರಣ’ ಇದಕ್ಕೆ ಹೊಂದುತ್ತದೆ, ಆದರೆ ಆ ಪದದ ಹಿಂದೆ ಮೆರವಣಿಗೆ, ಬಾವುಟ, ಹಾಡು ಎಲ್ಲ ಬರುತ್ತವೆ. ಮೂರು ಆಫೀಸಿನ ಫೈಲು ಒಂದು ಕಪಾಟಿಗೆ ಬಂದದ್ದಕ್ಕೆ ಅಷ್ಟು ದೊಡ್ಡ ಪದ ಬೇಡ. ‘ಒಗ್ಗೂಡಿಕೆ’ ಇದೆ, ಅದರಲ್ಲಿ ಜಗಳ ಬಿಟ್ಟು ಒಂದಾದರು ಅನ್ನುವ ಛಾಯೆ ಇದೆ. ಕೂಡಿಕೆಗೆ ಇರುವ ತೊಂದರೆಯೂ ಗೊತ್ತು. ನಮ್ಮೂರ ಕಡೆ ಅದನ್ನು ಮದುವೆಯ ಮಾತಿಗೆ, ಅದರಲ್ಲೂ ಎರಡನೆಯ ಸಂಬಂಧಕ್ಕೆ ಬಳಸುತ್ತಾರೆ. ನಿಮ್ಮ ಕಡೆ ಹೇಗೆ?

ಹುಡುಕುತ್ತಾ ಒಂದು ಮಜಾ ಸಿಕ್ಕಿತು. ‘ವಿಲೀನ’ದ ಬೇರು ಸಂಸ್ಕೃತದ ‘ಲೀ’. ಅಂಟಿಕೊಳ್ಳು, ನೆಲೆಸು, ಅಡಗು, ಕರಗು, ಇವೆಲ್ಲ ಅದರ ಅರ್ಥಗಳು. ‘ಲಯ’ ಅದರಿಂದಲೇ ಬಂದದ್ದು. ಅದರ ಹಿಂದೆ ‘ಆ’ ಸೇರಿದರೆ ‘ಆಲಯ’, ‘ನಿ’ ಸೇರಿದರೆ ‘ನಿಲಯ’, ‘ಪ್ರ’ ಸೇರಿದರೆ ‘ಪ್ರಳಯ’. ಅಂದರೆ ವಿಶ್ವವಿದ್ಯಾಲಯದಲ್ಲೂ, ವಿಶ್ವವಿದ್ಯಾನಿಲಯದಲ್ಲೂ, ಅವು ವಿಲೀನ ಆಗುವುದರಲ್ಲೂ ಇರುವುದು ಒಂದೇ ಧಾತು! ಹಂಪಿಯದು ಕನ್ನಡ ವಿಶ್ವವಿದ್ಯಾಲಯ, ಮೈಸೂರಿನದು ವಿಶ್ವವಿದ್ಯಾನಿಲಯ. ಎರಡೂ ಒಂದೇ ಮನೆ, ಬಾಗಿಲು ಬೇರೆ. ಆದರೂ ನಾಳೆ ಒಂದು ‘ಆಲಯ’ವನ್ನೂ ಒಂದು ‘ನಿಲಯ’ವನ್ನೂ ಕೂಡಿಸಿದರೆ ಆ ‘ನಿ’ಗಾಗಿಯೇ ಒಂದು ಸಮಿತಿ ಕೂರುವುದು ಖಂಡಿತ.

ಇನ್ನು ‘ಮುಕ್ತ’. ಇಂಗ್ಲಿಷಿನ ಓಪನ್‌ಗೆ ನಾವು ಹಿಂದಿ, ಮರಾಠಿಯವರ ಹಾಗೆ ಮುಕ್ತ ಅನ್ನುತ್ತೇವೆ. ಮೈಸೂರಿನದು ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ. ನಾಸಿಕದಲ್ಲಿ 1989ರಲ್ಲಿ ಶುರುವಾದದ್ದು ಯಶವಂತರಾವ್ ಚವ್ಹಾಣ್ ಮಹಾರಾಷ್ಟ್ರ ಮುಕ್ತ ವಿದ್ಯಾಪೀಠ. ಒಂಟಿಯಾಗಿ ಮೊದಲು ಬಂದರೆ ಮುಕ್ತಕ್ಕೆ ತೊಂದರೆ ಇಲ್ಲ: ಮುಕ್ತ ಮನಸ್ಸು, ಮುಕ್ತ ಮಾತು. ಅದರ ಹಿಂದೆ ಇನ್ನೊಂದು ನಾಮಪದ ಬಂತೋ, ಕೆಲಸ ಕೆಟ್ಟಿತು. ಪ್ಲಾಸ್ಟಿಕ್ ಮುಕ್ತ, ಹೊಗೆ ಮುಕ್ತ, ಹಸಿವು ಮುಕ್ತ. ಆಗ ಅದು ‘ಇಲ್ಲದ’ ಆಗುತ್ತದೆ. ಈ ಲೆಕ್ಕದಲ್ಲಿ ನಾಸಿಕದ್ದು ಮಹಾರಾಷ್ಟ್ರದಿಂದ ಬಿಡುಗಡೆ ಪಡೆದ ವಿದ್ಯಾಪೀಠ! ಮರಾಠಿ ಗೆಳೆಯನಿಗೆ ಹೇಳಿದೆ. ನಕ್ಕು, ‘ನಿಮ್ಮದೂ ಹಾಗೇ ಅಲ್ಲವೇ’ ಅಂದ. ಹೌದು. (ಅವನೂ ನಾನೂ ಸೇರಿ ನಗುವ ಇನ್ನೊಂದು ಬೋರ್ಡು ಹಿಂದಿಯ ‘ದೂರಸ್ಥ ಶಿಕ್ಷಾ’. ಕನ್ನಡದಲ್ಲಿ ಶಿಕ್ಷೆ, ಮರಾಠಿಯಲ್ಲಿ ಶಿಕ್ಷಾ, ಎರಡೂ ದಂಡನೆಯೇ. ದೂರದಿಂದಲೇ ಕೊಡುವ ದಂಡನೆ.)

ನೆರೆಯವರು ಬೇರೆ ದಾರಿ ಹಿಡಿದಿದ್ದಾರೆ. ಹೈದರಾಬಾದಿನ ಅಂಬೇಡ್ಕರ್ ಓಪನ್ ಯೂನಿವರ್ಸಿಟಿ 1982ರದು. ತೆಲುಗಿನಲ್ಲಿ ಅದು ‘ಸಾರ್ವತ್ರಿಕ ವಿಶ್ವವಿದ್ಯಾಲಯಂ’. ಬಾಗಿಲು ತೆರೆದಿದೆ ಅನ್ನುವ ಬದಲು ಎಲ್ಲ ಕಡೆ ಇದೆ ಅಂದರು. ತಮಿಳರು ‘ತಿರಂದನಿಲೈ’ ಅಂದರು. ತಮಿಳಿನ ಆ ‘ತಿರ’, ನಮ್ಮ ‘ತೆರೆ’ ಒಂದೇ ಬಳ್ಳಿಯವು.

ನಮಗೂ ಅಂಥದ್ದು ಇತ್ತು ಅನ್ನುವುದೇ ನನ್ನ ಹೊಟ್ಟೆಯುರಿ. ಮೈಸೂರು ವಿ.ವಿ. 1969ರಲ್ಲಿ ಕರೆಸ್ಪಾಂಡೆನ್ಸ್ ಕೋರ್ಸು ತೆರೆದಾಗ ಕನ್ನಡದಲ್ಲಿ ಅದನ್ನು ‘ಅಂಚೆ ತೆರಪಿನ ಶಿಕ್ಷಣ’ ಅಂದರು. ಎಂಥ ಪದ! ‘ತೆರಪು’ ಅಂದರೆ ಬಿಡುವು, ನಡುವೆ ಸಿಗುವ ಜಾಗ. ಎಡೆತೆರಪಿಲ್ಲದ ಮಳೆ ಅನ್ನುತ್ತೇವಲ್ಲ, ಅದೇ. ಇದೂ ‘ತೆರೆ’ಯ ಮನೆಯದೇ. ಅಂದರೆ ಬಿಡುವಿನಲ್ಲಿ ಓದುವುದು, ತೆರೆದಿರುವುದು, ಎರಡೂ ಒಂದೇ ಪದದಲ್ಲಿ. ನಮ್ಮ ಚಿಕ್ಕಪ್ಪ ಮಾಟುಂಗದ ಹೋಟೆಲೊಂದರ ಗಲ್ಲಾದಲ್ಲಿ ಕೂತವರು. ಹಗಲು ಗಲ್ಲಾ, ರಾತ್ರಿ ಕೋಟೆ ಭಾಗದ ಕನ್ನಡ ರಾತ್ರಿಶಾಲೆ, ಆಮೇಲೆ ಇದೇ ಅಂಚೆ ತೆರಪಿನಲ್ಲಿ ಬಿ.ಎ. ಮಧ್ಯಾಹ್ನ ಮೂರರಿಂದ ನಾಲ್ಕರ ನಡುವೆ ಗಿರಾಕಿ ಕಡಿಮೆ. ಆಗ ಪಾಠದ ಕಟ್ಟು ಬಿಚ್ಚುತ್ತಿದ್ದರು. ಅವರಿಗೆ ತೆರಪು ಅಂದರೆ ಗಡಿಯಾರದಲ್ಲಿ ತೋರಿಸಬಹುದಾದ ಹೊತ್ತು. 1996ರಲ್ಲಿ ಮೈಸೂರಿನ ಆ ಸಂಸ್ಥೆಯೇ ಮುಕ್ತ ವಿಶ್ವವಿದ್ಯಾನಿಲಯ ಆಯಿತು. ಸಂಸ್ಥೆ ಬೆಳೆಯಿತು, ತೆರಪು ಹೋಯಿತು.

ಬಾಯಿಮಾತಿನಲ್ಲಿ ಇದು ಯಾವುದೂ ಇಲ್ಲ, ಒಪ್ಪುತ್ತೇನೆ. ಕಲೀನಾದಲ್ಲಿರುವ ಮುಂಬಯಿ ವಿ.ವಿ.ಯ ದೂರಶಿಕ್ಷಣ ಕೇಂದ್ರ 1971ರಿಂದ ಇದೆ. ಅದರ ಹೆಸರೂ ಬದಲಾಗಿದೆ, ಆದರೆ ನಮ್ಮ ಹುಡುಗರಿಗೆ ಅದು ಈಗಲೂ ‘ಐಡಾಲ್’, ಹಳೆಯ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು. ‘ಐಡಾಲ್‌ನಿಂದ ಬಿ.ಕಾಂ. ಮಾಡಿದೆ’ ಅನ್ನುತ್ತಾರೆ. ಸ್ವಲ್ಪ ವಯಸ್ಸಾದವರು ‘ಪೋಸ್ಟಲ್’ ಅನ್ನುತ್ತಾರೆ. ಮುಕ್ತ ಅಂತ ಮಾತಿನಲ್ಲಿ ಅಂದವರನ್ನು ನಾನು ಡೊಂಬಿವಲಿಯಲ್ಲಿ ಕಂಡಿಲ್ಲ.

ಸದ್ಯ ತಿದ್ದಿಟ್ಟಿರುವ ವಾಕ್ಯ ಹೀಗಿದೆ: ‘ಮೂರೂ ದೂರಶಿಕ್ಷಣ ಸಂಸ್ಥೆಗಳು ಕೂಡಿ ಒಂದಾದವು; ಮೂರಕ್ಕೂ ಸೇರಿ ಯೂನಿಸಾ ಎಂಬ ಒಂದೇ ಹೆಸರು ಉಳಿಯಿತು.’ ಕ್ರಿಯಾಪದದಲ್ಲಿ ಹೇಳಿದರೆ ಜಗಳವೇ ಇಲ್ಲ, ನೋಡಿ. ತೊಂದರೆ ಇರುವುದು ತಲೆಬರಹಕ್ಕೆ. ಅಲ್ಲಿ ಒಂದು ನಾಮಪದ ಬೇಕು, ಒಂದೇ ಕಾಲಮಿನಲ್ಲಿ ಹಿಡಿಸಬೇಕು. ಲೇಖಕರು ‘ವಿಲೀನ’ವೇ ಇರಲಿ ಅನ್ನುತ್ತಾರೆ. ನಾನು ‘ಕೂಡಿಕೆ’ ಅಂದರೆ ಅವರ ಹೆಂಡತಿ ನಗುತ್ತಾರೆ, ಅವರು ನಮ್ಮ ಕಡೆಯವರೇ. ಪುಟ ಕಟ್ಟುವುದು ಗುರುವಾರ ರಾತ್ರಿ. ‘ಕೂಡಿಕೆ’ಗೆ ಆ ಮದುವೆಯ ಅರ್ಥ ನಿಮ್ಮ ಊರಲ್ಲಿ ಇದೆಯೋ ಇಲ್ಲವೋ, ಅದಿಷ್ಟನ್ನು ಅಷ್ಟರೊಳಗೆ ತಿಳಿಸಿ. ‘ತೆರಪು’ ಯಾರ ಮನೆಯಲ್ಲಾದರೂ ಇನ್ನೂ ಮಾತಿನಲ್ಲಿ ಇದ್ದರೆ ಅದನ್ನೂ ಬರೆಯಿರಿ, ಅದಕ್ಕೆ ಗಡುವಿಲ್ಲ.