ಸ್ಟೋಮಾ ಬ್ಯಾಗ್ ಎಷ್ಟು ದಿನಕ್ಕೊಮ್ಮೆ ಬದಲಿಸಬೇಕು? ಸುತ್ತಲ ಚರ್ಮ ಕಾಪಾಡುವುದು ಹೇಗೆ?

ಪ್ರಶ್ನೆ

ಅಪ್ಪನಿಗೆ ಇಲಿಯೊಸ್ಟಮಿ (ಸಣ್ಣ ಕರುಳನ್ನು ಹೊಟ್ಟೆಯ ಮೇಲೆ ತೆರೆದು ಮಲ ಬ್ಯಾಗಿಗೆ ಬರುವಂತೆ ಮಾಡುವ ಆಪರೇಷನ್; ಆ ತೆರೆದ ಬಾಯೇ ಸ್ಟೋಮಾ) ಆಗಿ ಐದು ವಾರ. ಬ್ಯಾಗನ್ನು ದಿನಾ ಬದಲಿಸಿ ಅಂತ ಒಬ್ಬರು ಹೇಳುತ್ತಾರೆ, ವಾರದವರೆಗೂ ಮುಟ್ಟಬೇಡಿ ಅಂತ ಇನ್ನೊಬ್ಬರು. ಸ್ಟೋಮಾದ ಕೆಳಗಡೆ ಚರ್ಮ ಕೆಂಪಾಗಿ ನೀರು ಒಸರುತ್ತಿದೆ, ಉರಿ ಅನ್ನುತ್ತಾರೆ. ಪೌಡರ್ ಹಾಕಿದಷ್ಟೂ ಪ್ಲೇಟ್ ನಿಲ್ಲುತ್ತಿಲ್ಲ. ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1

"ಬದಲಿಸುವುದು" ಅನ್ನುವ ಒಂದೇ ಮಾತಿನಲ್ಲಿ ಮೂರು ಕೆಲಸ ಸೇರಿಕೊಂಡಿವೆ, ಗೊಂದಲ ಹುಟ್ಟುವುದೇ ಅಲ್ಲಿ. ಬ್ಯಾಗ್ ಖಾಲಿ ಮಾಡುವುದು ಬೇರೆ, ಬ್ಯಾಗ್ ಬದಲಿಸುವುದು ಬೇರೆ, ಹೊಟ್ಟೆಗೆ ಅಂಟಿರುವ ಪ್ಲೇಟ್ ಬದಲಿಸುವುದು ಬೇರೆ. ಖಾಲಿ ಮಾಡುವುದು ದಿನಕ್ಕೆ ಐದಾರು ಸಲ ಬರುತ್ತದೆ. ಬ್ಯಾಗ್ ಮೂರನೇ ಒಂದು ಭಾಗ ತುಂಬಿದಾಗಲೇ ಮಾಡಿ. ಅರ್ಧ ದಾಟಲು ಬಿಟ್ಟರೆ ಅದರ ಭಾರ ಪ್ಲೇಟನ್ನು ಕೆಳಕ್ಕೆ ಜಗ್ಗುತ್ತದೆ, ಅಂಟು ಬಿಡುತ್ತದೆ. ಬ್ಯಾಗ್, ಪ್ಲೇಟ್ ಬೇರೆ ಬೇರೆ ಇರುವ ಟೂ ಪೀಸ್ ಸೆಟ್ ಆದರೆ ಬ್ಯಾಗನ್ನು ಮಾತ್ರ ಬೇಕೆಂದಾಗ ಕಳಚಿ ಹೊಸದು ಹಾಕಬಹುದು, ಚರ್ಮಕ್ಕೆ ಅದರಿಂದ ಏನೂ ಆಗದು. ಒನ್ ಪೀಸ್ ಆದರೆ ಬ್ಯಾಗ್ ಬದಲಿಸಿದರೆ ಪ್ಲೇಟೂ ಬದಲಾಗುತ್ತದೆ.

ಚರ್ಮಕ್ಕೆ ಲೆಕ್ಕ ಇರುವುದು ಪ್ಲೇಟಿನದು. ಇಲಿಯೊಸ್ಟಮಿಗೆ 3–4 ದಿನಕ್ಕೊಮ್ಮೆ, ಅಂದರೆ ವಾರಕ್ಕೆ ಎರಡು ಸಲ. ದಿನಾ ಕಿತ್ತರೆ ಅಂಟಿನ ಜೊತೆ ಚರ್ಮದ ಮೇಲ್ಪದರವೂ ಎದ್ದು ಬರುತ್ತದೆ. ವಾರಗಟ್ಟಲೆ ಬಿಟ್ಟರೆ ಬೇರೆ ತೊಂದರೆ. ಪ್ಲೇಟು ಮಾಡಿರುವುದು ಪೆಕ್ಟಿನ್, ಜೆಲಾಟಿನ್, ಸೆಲ್ಯುಲೋಸ್ ಬೆರೆಸಿದ ಹೈಡ್ರೊಕೊಲಾಯ್ಡ್‌ನಿಂದ. ಅದು ಬೆವರನ್ನೂ ದ್ರವವನ್ನೂ ಹೀರಿ ಉಬ್ಬುತ್ತದೆ, ಆಮೇಲೆ ಮೆತ್ತಗಾಗಿ ಕರಗುತ್ತದೆ. ಕರಗಿದ ಜಾಗದಲ್ಲಿ ಸಣ್ಣ ಕರುಳಿನ ದ್ರವ ನೇರವಾಗಿ ಚರ್ಮಕ್ಕೆ ತಾಗುತ್ತದೆ. ಆ ದ್ರವದಲ್ಲಿ ಪ್ರೋಟೀನ್ ಜೀರ್ಣಿಸುವ ಕಿಣ್ವಗಳಿವೆ, ಚರ್ಮವೂ ಪ್ರೋಟೀನೇ. ಕೆಲವೇ ಗಂಟೆಗಳಲ್ಲಿ ಚರ್ಮ ಸುಟ್ಟ ಹಾಗೆ ಆಗುತ್ತದೆ.

ಇನ್ನು, 3 ದಿನವೋ 4 ದಿನವೋ ಅನ್ನುವುದನ್ನು ಕಿತ್ತ ಪ್ಲೇಟೇ ಹೇಳುತ್ತದೆ. ಕಸಕ್ಕೆ ಹಾಕುವ ಮುಂಚೆ ಅದರ ಹಿಂಬದಿಯನ್ನು ಬೆಳಕಿಗೆ ಹಿಡಿದು ನೋಡಿ. ತೂತಿನ ಸುತ್ತ ಬೆಳ್ಳಗೆ ಉಬ್ಬಿದ ಉಂಗುರ ಕಾಣುತ್ತದೆ. ಅದು ಎಲ್ಲ ಕಡೆ ಸಮನಾಗಿ ಕೆಲವೇ ಮಿಲಿಮೀಟರ್ ಇದ್ದರೆ ದಿನದ ಲೆಕ್ಕ ಸರಿಯಾಗಿದೆ. 1 ಸೆಂ.ಮೀ. ಹತ್ತಿರ ಬಂದಿದ್ದರೆ ಮುಂದಿನ ಸಲ ಒಂದು ದಿನ ಮುಂಚೆ ಬದಲಿಸಿ. ಒಂದು ಕಡೆ ಮಾತ್ರ ಕರಗಿ ಕಂದು ಕಲೆ ಹೊರಅಂಚಿನ ಕಡೆಗೆ ಹರಿದಿದ್ದರೆ ಅದು ಸೋರಿಕೆ. ಎಷ್ಟು ದಿನ ಕಡಿಮೆ ಮಾಡಿದರೂ ಅದು ನಿಲ್ಲುವುದಿಲ್ಲ, ಆ ಕಡೆ ಏನೋ ಕೂರುತ್ತಿಲ್ಲ ಅಂತ ಅರ್ಥ.

ಚರ್ಮ ಒಸರುತ್ತಿರುವಷ್ಟು ದಿನ ಮಾತ್ರ 2 ದಿನಕ್ಕೊಮ್ಮೆ ಬದಲಿಸಿ, ಒಣಗಿದ ಮೇಲೆ 3ಕ್ಕೆ, ಆಮೇಲೆ 4ಕ್ಕೆ ಏರಿಸಿ. ಪ್ಲೇಟಿನ ಅಡಿಯಲ್ಲಿ ಉರಿಯೋ ಕಡಿತವೋ ಶುರುವಾದರೆ, ಪ್ಲೇಟ್ ಹಾಕಿ ಎಷ್ಟು ಹೊತ್ತಾಯಿತು ಅಂತ ನೋಡಬೇಡಿ, ತೆಗೆಯಿರಿ. ಸೋರುವ ಅಂಚಿನ ಮೇಲೆ ಟೇಪ್ ಹಚ್ಚುವುದಂತೂ ಬೇಡವೇ ಬೇಡ, ಮಲವನ್ನು ಚರ್ಮದ ಮೇಲೆ ಕಟ್ಟಿಹಾಕಿದ ಹಾಗಾಗುತ್ತದೆ.

ಉತ್ತರ 2

ಐದು ವಾರ ಅಂದಿರಲ್ಲ, ತೂತಿನ ಅಳತೆ ಕೊನೆಯ ಸಲ ಯಾವಾಗ ನೋಡಿದಿರಿ? ಆಪರೇಷನ್ ಆದ ಹೊಸದರಲ್ಲಿ ಸ್ಟೋಮಾ ಊದಿಕೊಂಡಿರುತ್ತದೆ. 6–8 ವಾರದವರೆಗೂ ಕುಗ್ಗುತ್ತಲೇ ಇರುತ್ತದೆ. ಆಸ್ಪತ್ರೆಯಲ್ಲಿ ಕತ್ತರಿಸಿ ತೋರಿಸಿದ ಅಳತೆಯನ್ನೇ ಮುಂದುವರಿಸಿದ್ದರೆ ಈಗ ಪ್ಲೇಟಿಗೂ ಸ್ಟೋಮಾಕ್ಕೂ ನಡುವೆ ಬರಿ ಚರ್ಮ ಉಳಿದಿರುತ್ತದೆ. ಪ್ಲೇಟ್ ಪೆಟ್ಟಿಗೆಯಲ್ಲಿ ಉಂಗುರ ಉಂಗುರವಾಗಿ ತೂತಿರುವ ಅಳತೆ ಕಾರ್ಡ್ ಬರುತ್ತದೆ. ಅದನ್ನು ಸ್ಟೋಮಾದ ಬುಡಕ್ಕೆ ಹಿಡಿದು ನೋಡಿ, ತುದಿಗಲ್ಲ. ತೂತು ಬುಡಕ್ಕಿಂತ 2–3 ಮಿ.ಮೀ. ಮಾತ್ರ ದೊಡ್ಡದಿರಬೇಕು. ಮೊದಲ ಎರಡು ತಿಂಗಳು ವಾರಕ್ಕೊಮ್ಮೆ ಅಳೆಯಿರಿ. ಸ್ಟೋಮಾ ದುಂಡಗಿಲ್ಲದೆ ಮೊಟ್ಟೆಯಾಕಾರ ಇದ್ದರೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ಮೇಲೆ ಆಕಾರ ಬರೆದುಕೊಂಡು ಅಚ್ಚು ಮಾಡಿಟ್ಟುಕೊಳ್ಳಿ. ಅಚ್ಚಿನ ಮೇಲೆ "ಮೇಲ್ಬದಿ" ಅಂತ ಗುರುತು ಹಾಕಿ. ಪ್ಲೇಟಿನ ಹಿಂಬದಿಗೆ ಅಚ್ಚನ್ನು ಮಗುಚದೆ ಹಾಗೇ ಇಟ್ಟು ಕತ್ತರಿಸಿದರೆ ಎಡಬಲ ಅದಲುಬದಲಾಗುತ್ತದೆ.

ತೀರ ಬಿಗಿ ಮಾಡುವುದೂ ತಪ್ಪು. ಪ್ಲೇಟಿನ ಅಂಚು ಸ್ಟೋಮಾವನ್ನು ಕೊಯ್ಯಬಹುದು, ಅದಕ್ಕೆ ನೋವಿನ ನರ ಇಲ್ಲದ ಕಾರಣ ಅಪ್ಪನಿಗೆ ಗೊತ್ತೇ ಆಗುವುದಿಲ್ಲ. ಕತ್ತರಿಸಿದ ಮೇಲೆ ತೂತಿನ ಅಂಚನ್ನು ಬೆರಳಿನಿಂದ ಒಮ್ಮೆ ಸವರಿ ನಯ ಮಾಡಿ.

ಪ್ರಶ್ನೆ ಕೇಳಿದವರು

ಈಗಷ್ಟೇ ಅಳೆದೆ. ನಾವು ಕತ್ತರಿಸುತ್ತಿದ್ದದ್ದು 38 ಮಿ.ಮೀ., ಸ್ಟೋಮಾ 27 ಮಿ.ಮೀ. ಇದೆ. ಕೆಂಪಾಗಿರುವುದು ಹೆಚ್ಚುಕಡಿಮೆ ಆ ಸಂದಿಯಲ್ಲೇ.

ಉತ್ತರ 2, ಮತ್ತೆ

ಹಾಗಾದರೆ ಕಾರಣ ಸಿಕ್ಕಿತು. ಸುತ್ತಲೂ 5 ಮಿ.ಮೀ.ಗಿಂತ ಹೆಚ್ಚು ಚರ್ಮ ಹಗಲೂ ರಾತ್ರಿ ದ್ರವದಲ್ಲಿ ನೆನೆಯುತ್ತಿದೆ. ಇವತ್ತಿನಿಂದ 30ಕ್ಕೆ ಕತ್ತರಿಸಿ. ಪೆಟ್ಟಿಗೆಯಲ್ಲಿ ಮೊದಲೇ 38ಕ್ಕೆ ಕತ್ತರಿಸಿಟ್ಟ ಪ್ಲೇಟ್ ಉಳಿದಿದ್ದರೆ ಹಾಳಾಗುತ್ತದಲ್ಲ ಅಂತ ಹಾಕಬೇಡಿ. ಅಂಥದ್ದು ಹಾಕಲೇಬೇಕಾದರೆ ಹಿಗ್ಗಿಸಬಹುದಾದ ಬ್ಯಾರಿಯರ್ ರಿಂಗ್ (ಸಂದಿ ಮುಚ್ಚುವ ಮೆತ್ತನೆಯ ಅಂಟುಂಗುರ) ಒಂದನ್ನು ಸ್ಟೋಮಾಕ್ಕೆ ಒತ್ತಿ ಕೂರಿಸಿ, ಸಂದಿ ಪೂರ್ತಿ ಮುಚ್ಚಿ, ಅದರ ಮೇಲೆ ಹಾಕಿ.

ಉತ್ತರ 3

ಬದಲಿಸುವ ಕ್ರಮ ಬರೆಯುತ್ತೇನೆ. ಎಷ್ಟೋ ಸಲ ಪ್ಲೇಟು ಒಳ್ಳೆಯದೇ ಇರುತ್ತದೆ, ಹಾಕುವಾಗಿನ ಅವಸರದಲ್ಲಿ ಕೆಡುತ್ತದೆ.

ಹೊತ್ತು ಬೆಳಗ್ಗೆ, ಏನೂ ತಿನ್ನುವ ಕುಡಿಯುವ ಮುಂಚೆ. ಆಗ ಸ್ಟೋಮಾ ಸ್ವಲ್ಪ ಶಾಂತವಾಗಿರುತ್ತದೆ. ಆಗದಿದ್ದರೆ ಊಟವಾಗಿ 2–4 ಗಂಟೆ ಬಿಟ್ಟು. ಹಳೆಯದನ್ನು ತೆಗೆಯುವ ಮುಂಚೆಯೇ ಹೊಸದನ್ನು ಕತ್ತರಿಸಿ ಕೈಗೆ ಸಿಗುವ ಕಡೆ ಇಡಿ.

ತೆಗೆಯುವಾಗ ಬ್ಯಾಗ್ ಖಾಲಿ ಮಾಡಿ, ಮೇಲಿನ ಅಂಚಿನಿಂದ ಕೆಳಕ್ಕೆ ಬಿಡಿಸುತ್ತಾ ಬನ್ನಿ. ಒಂದು ಕೈ ಪ್ಲೇಟನ್ನು ಹಿಡಿದಿದ್ದರೆ ಇನ್ನೊಂದು ಕೈಯ ಬೆರಳು ಚರ್ಮವನ್ನು ಒಳಕ್ಕೆ ಒತ್ತುತ್ತಿರಬೇಕು. ಪ್ಲೇಟನ್ನು ಚರ್ಮದಿಂದ ಕೀಳುವುದಲ್ಲ, ಚರ್ಮವನ್ನು ಪ್ಲೇಟಿನಿಂದ ಬಿಡಿಸುವುದು. ಬಿಡದಿದ್ದರೆ ಸಿಲಿಕೋನ್ ರಿಮೂವರ್ ಸ್ಪ್ರೇ ಅಥವಾ ವೈಪ್, ಅದಿಲ್ಲದಿದ್ದರೆ ಉಗುರುಬೆಚ್ಚನೆಯ ನೀರಲ್ಲಿ ಅದ್ದಿದ ಬಟ್ಟೆ ಸಾಕು.

ತೊಳೆಯಲು ಉಗುರುಬೆಚ್ಚನೆಯ ನೀರು, ಮೆತ್ತನೆಯ ಬಟ್ಟೆ, ಅಷ್ಟೇ. ಸೋಪು ಬೇಡ, ಅದರ ಎಣ್ಣೆ ಅಂಶ ಉಳಿದರೆ ಪ್ಲೇಟ್ ಹಿಡಿಯುವುದಿಲ್ಲ. ಬೇಬಿ ವೈಪ್ಸ್, ಸ್ಪಿರಿಟ್, ಡೆಟ್ಟಾಲ್, ಹೈಡ್ರೋಜನ್ ಪೆರಾಕ್ಸೈಡ್ ಯಾವುದೂ ಬೇಡ. ಸ್ಟೋಮಾ ಗಾಯವಲ್ಲ, ಅದನ್ನು ಕ್ರಿಮಿಶುದ್ಧ ಮಾಡುವ ಅಗತ್ಯವಿಲ್ಲ. ಒರೆಸುವಾಗ ಒಂದೆರಡು ಹನಿ ರಕ್ತ ಕಂಡರೆ ಗಾಬರಿ ಬೇಡ, ಬಾಯೊಳಗಿನ ಒಸಡಿನ ಹಾಗೆ ಅದರಲ್ಲೂ ಸಣ್ಣ ರಕ್ತನಾಳ ತುಂಬಾ ಇವೆ.

ಆಮೇಲೆ ಒಣಗಿಸುವುದು. ಉಜ್ಜಬೇಡಿ, ಬಟ್ಟೆ ಇಟ್ಟು ಒತ್ತಿ ತೆಗೆಯಿರಿ, ಒಂದೆರಡು ನಿಮಿಷ ಗಾಳಿಗೆ ಬಿಡಿ. ಅಷ್ಟರಲ್ಲಿ ಸ್ಟೋಮಾ ಹರಿಯಲು ಶುರು ಮಾಡಿದರೆ ಗಾಜ್ ಬಟ್ಟೆಯನ್ನು ಸುರುಳಿ ಸುತ್ತಿ ಅದರ ಬಾಯಿಗೆ ಹಿಡಿದುಕೊಂಡಿರಿ. ಪ್ಲೇಟ್ ಹಾಕುವ ಮುಂಚೆ ಅದನ್ನು ತೆಗೆಯಲು ಮರೆಯಬೇಡಿ.

ಹೊಸ ಪ್ಲೇಟನ್ನು ಕಾಗದ ತೆಗೆಯುವ ಮುಂಚೆ ಎರಡು ಅಂಗೈ ನಡುವೆಯೋ ಕಂಕುಳಲ್ಲೋ ಒಂದೆರಡು ನಿಮಿಷ ಹಿಡಿದು ಬೆಚ್ಚಗೆ ಮಾಡಿ. ಅಪ್ಪ ನಿಂತಿರಲಿ ಅಥವಾ ಮಲಗಿರಲಿ, ಕೂತಿದ್ದರೆ ಹೊಟ್ಟೆ ಮಡಿಕೆ ಬೀಳುತ್ತದೆ. ಕೆಳಗಿನ ಅಂಚನ್ನು ಮೊದಲು ಕೂರಿಸಿ ಮೇಲಕ್ಕೆ ಬನ್ನಿ. ಸ್ಟೋಮಾದ ಪಕ್ಕದಿಂದ ಹೊರಕ್ಕೆ ಬೆರಳಾಡಿಸಿ ಒತ್ತಿ, ಆಮೇಲೆ ಅಂಗೈ ಅಗಲಿಸಿ ಇಟ್ಟು ಐದು ನಿಮಿಷ ಹಾಗೇ ಹಿಡಿದಿರಿ. ಅಂಟು ಬಿಸಿಗೂ ಒತ್ತಡಕ್ಕೂ ಹಿಡಿಯುತ್ತದೆ, ಈ ಐದು ನಿಮಿಷ ಉಳಿಸಲು ಹೋದವರಿಗೆ ಮೂರನೇ ದಿನ ಸಿಗುವುದಿಲ್ಲ. ಹಾಕಿದ ಮೇಲೆ ಅರ್ಧ ಗಂಟೆ ಬಗ್ಗುವುದು, ಭಾರ ಎತ್ತುವುದು ಬೇಡ.

ಉತ್ತರ 4

ಪೌಡರ್ ವಿಷಯ ಯಾರೂ ಮುಟ್ಟಿಲ್ಲ. ನಿಮ್ಮ ಪ್ಲೇಟ್ ನಿಲ್ಲದಿರುವುದಕ್ಕೆ ಅದೂ ಒಂದು ಕಾರಣ. ಸ್ಟೋಮಾ ಪೌಡರ್ ಇರುವುದು ಒದ್ದೆ ಚರ್ಮಕ್ಕೆ ಮಾತ್ರ, ಒಣ ಚರ್ಮದ ಮೇಲೆ ಬಿದ್ದರೆ ಅದೇ ಅಂಟಿಗೆ ಅಡ್ಡ. ಹೀಗೆ ಮಾಡಿ: ಒಸರುವ ಜಾಗಕ್ಕೆ ಪೌಡರ್ ಉದುರಿಸಿ, ಅರ್ಧ ನಿಮಿಷ ಬಿಡಿ. ಹಸಿ ಜಾಗ ಬೇಕಾದಷ್ಟು ಹಿಡಿದುಕೊಳ್ಳುತ್ತದೆ, ಉಳಿದದ್ದನ್ನು ಒಣ ಗಾಜ್‌ನಿಂದ ಪೂರ್ತಿ ಜಾಡಿಸಿ. ಈಗ ಸ್ಪಿರಿಟ್ ಇಲ್ಲದ ಬ್ಯಾರಿಯರ್ ಫಿಲ್ಮ್ (ಚರ್ಮದ ಮೇಲೆ ತೆಳು ರಕ್ಷಣಾ ಪದರ ಕಟ್ಟುವ ದ್ರವ, ವೈಪ್ ಅಥವಾ ಸ್ಪ್ರೇ ರೂಪದಲ್ಲಿ ಸಿಗುತ್ತದೆ) ತೆಗೆದುಕೊಂಡು ಅದರ ಮೇಲೆ ತಟ್ಟಿ, ಎಳೆಯಬೇಡಿ. ಸ್ಪ್ರೇ ಆದರೆ ಇನ್ನೂ ವಾಸಿ. ಒಂದು ನಿಮಿಷದಲ್ಲಿ ಒಣಗಿ ಬೆಳ್ಳನೆಯ ಪದರ ಕಟ್ಟುತ್ತದೆ. ಮತ್ತೆ ಪೌಡರ್, ಮತ್ತೆ ಫಿಲ್ಮ್. ಎರಡು, ಹೆಚ್ಚೆಂದರೆ ಮೂರು ಪದರ. ಬೆರಳು ಇಟ್ಟರೆ ಒಣಗಿದ ಹಕ್ಕಳೆಯ ಹಾಗೆ ಗರುಕಾಗಿರಬೇಕು, ಜಿಗುಟು ಇರಬಾರದು. ಅದರ ಮೇಲೆ ಪ್ಲೇಟ್ ಹಾಕಿ. ಚರ್ಮ ಒಣಗಿದ ದಿನವೇ ಪೌಡರ್ ನಿಲ್ಲಿಸಿ.

ಮುಖಕ್ಕೆ ಹಚ್ಚುವ ಟಾಲ್ಕಂ ಪೌಡರ್ ಇದಕ್ಕೆ ಬದಲಿಯಲ್ಲ. ಕ್ರೀಮ್, ಎಣ್ಣೆ, ಮುಲಾಮು ಪ್ಲೇಟ್ ಕೂರುವ ಜಾಗಕ್ಕೆ ಹಚ್ಚಲೇಬಾರದು. ಉರಿಗೆ ತಂಪಾಗಲಿ ಅಂತ ಹಚ್ಚಿದ ಮುಲಾಮಿನಿಂದ ಪ್ಲೇಟ್ ಜಾರಿ, ಉರಿ ಇಮ್ಮಡಿಯಾಗುತ್ತದೆ.

ಉತ್ತರ 5

ಕೆಂಪು ಎಲ್ಲಿದೆ, ಯಾವ ಆಕಾರದಲ್ಲಿದೆ ಅನ್ನುವುದರಿಂದ ಕಾರಣ ಹಿಡಿಯಬಹುದು. ಸ್ಟೋಮಾಕ್ಕೆ ತಾಗಿಕೊಂಡು, ಒಸರುತ್ತಾ ಇದ್ದರೆ ದ್ರವ ತಾಗಿದ್ದು, ನಿಮ್ಮದು ಇದೇ. ಹೊರಅಂಚಿನ ಕಡೆ ಚರ್ಮ ಸುಲಿದ ಹಾಗಿದ್ದರೆ ಕೀಳುವ ರಭಸದಿಂದ ಆದದ್ದು. ಕೆಂಪು ಹರಡಿ, ಅದರ ಆಚೆಗೆ ಚಿಕ್ಕ ಚಿಕ್ಕ ಗುಳ್ಳೆ ಚೆಲ್ಲಿದ ಹಾಗಿದ್ದು ವಿಪರೀತ ಕಡಿತ ಇದ್ದರೆ ಫಂಗಸ್. ಡಾಕ್ಟರ್ ಬರೆದುಕೊಡುವ ಔಷಧಿ ಪೌಡರ್ ರೂಪದಲ್ಲೇ ಇರಲಿ ಅಂತ ಕೇಳಿ. ಪ್ಲೇಟಿನ ಅಚ್ಚು ಒತ್ತಿದ ಹಾಗೆ ಅದೇ ಆಕಾರದಲ್ಲಿ ಕೆಂಪಾಗಿದ್ದರೆ ಅಲರ್ಜಿ. ಹೊಸ ಕಂಪನಿಯ ಪ್ಲೇಟಿನ ತುಂಡೊಂದನ್ನು ಹೊಟ್ಟೆಯ ಇನ್ನೊಂದು ಬದಿಗೆ 48 ಗಂಟೆ ಅಂಟಿಸಿ ನೋಡಿ, ಆಮೇಲೆ ಬದಲಾಯಿಸಿ. ಕೂದಲಿನ ಬುಡದಲ್ಲೆಲ್ಲ ಕೀವುಗುಳ್ಳೆ ಇದ್ದರೆ ಕೂದಲು ಕಿತ್ತು ಬಂದದ್ದರಿಂದ. ರೇಜರ್ ಬಿಟ್ಟು ಟ್ರಿಮ್ಮರ್ ಬಳಸಿ, ಸ್ಟೋಮಾದ ಕಡೆಯಿಂದ ಹೊರಕ್ಕೆ.

ಗುರಿ ಮಾತ್ರ ಒಂದೇ. ಸ್ಟೋಮಾ ಸುತ್ತಲಿನ ಚರ್ಮ ಹೊಟ್ಟೆಯ ಇನ್ನೊಂದು ಬದಿಯ ಚರ್ಮದ ಹಾಗೇ ಇರಬೇಕು. "ಸ್ಟೋಮಾ ಅಂದಮೇಲೆ ಸ್ವಲ್ಪ ಕೆಂಪು ಇದ್ದೇ ಇರುತ್ತೆ" ಅಂತ ಯಾರಾದರೂ ಹೇಳಿದರೆ ಒಪ್ಪಿಕೊಳ್ಳಬೇಡಿ.

ಉತ್ತರ 6

ಕೊಲೊಸ್ಟಮಿ (ದೊಡ್ಡ ಕರುಳಿನ ಸ್ಟೋಮಾ), ಯುರೋಸ್ಟಮಿ (ಮೂತ್ರ ಹರಿಯುವ ಸ್ಟೋಮಾ) ಇರುವವರೂ ಓದುತ್ತಿರಬಹುದು ಅಂತ ಎರಡು ಮಾತು. ಕೊಲೊಸ್ಟಮಿಯಲ್ಲಿ ಮಲ ಗಟ್ಟಿ, ಚರ್ಮ ಅಷ್ಟು ಬೇಗ ಸುಡುವುದಿಲ್ಲ. ತುದಿ ಮುಚ್ಚಿದ ಬ್ಯಾಗ್ ಆದರೆ ದಿನಕ್ಕೆ 1–3 ಬದಲಾವಣೆ, ಹಾಗಾಗಿ ಟೂ ಪೀಸ್ ಒಳ್ಳೆಯದು, ಪ್ಲೇಟ್ ಕೀಳದೆ ಬ್ಯಾಗ್ ಮಾತ್ರ ಬದಲಿಸಬಹುದು. ಮಲ ಬ್ಯಾಗಿನೊಳಕ್ಕೆ ಇಳಿಯದೆ ಸ್ಟೋಮಾದ ಬಾಯಲ್ಲೇ ಗುಡ್ಡೆ ಕಟ್ಟಿ ಪ್ಲೇಟಿನಡಿಗೆ ನುಗ್ಗುತ್ತಿದ್ದರೆ, ಹಾಕುವ ಮುಂಚೆ ಬ್ಯಾಗಿಗೆ ಸ್ವಲ್ಪ ಗಾಳಿ ಊದಿ, ಒಳಗೆ ಜಾರುವ ಲೂಬ್ರಿಕೆಂಟ್ ಕೆಲವು ಹನಿ ಹಾಕಿ ಗೋಡೆಗೆ ಸವರಿ. ಹನಿ ಪ್ಲೇಟಿಗೆ ತಾಗದಿರಲಿ.

ಯುರೋಸ್ಟಮಿಯಲ್ಲೂ ಪ್ಲೇಟ್ 3–4 ದಿನ. ರಾತ್ರಿ 2 ಲೀಟರಿನ ಚೀಲಕ್ಕೆ ಪೈಪ್ ಜೋಡಿಸಿ, ಇಲ್ಲದಿದ್ದರೆ ಮೂತ್ರ ಹಿಂದಕ್ಕೆ ನಿಂತು ಅಂಟು ಕರಗಿಸುತ್ತದೆ. ಸುತ್ತ ಮರಳಿನಂಥ ಬಿಳಿ ಹರಳು ಕಟ್ಟಿದರೆ ಬಿಳಿ ವಿನೆಗರ್ ಮತ್ತು ನೀರು ಸಮ ಸಮ ಬೆರೆಸಿ, ಬಟ್ಟೆ ನೆನೆಸಿ ಹತ್ತು ನಿಮಿಷ ಇಟ್ಟು ತೊಳೆಯಿರಿ.

ಉತ್ತರ 7

ಅಳತೆ ಸರಿ ಮಾಡಿದ ಮೇಲೂ ಒಂದೇ ಕಡೆ ಸೋರಿದರೆ ಅಪ್ಪನನ್ನು ಕುರ್ಚಿಯಲ್ಲಿ ಕೂರಿಸಿ, ಸ್ವಲ್ಪ ಮುಂದಕ್ಕೆ ಬಗ್ಗಿಸಿ, ಆ ಜಾಗ ನೋಡಿ. ಮಲಗಿದಾಗ ಸಪಾಟಾಗಿ ಕಾಣುವ ಹೊಟ್ಟೆಯಲ್ಲಿ ಕೂತಾಗ ಬೆರಳು ಹುದುಗುವಷ್ಟು ಮಡಿಕೆ ಬಿದ್ದಿರುತ್ತದೆ. ಆ ಮಡಿಕೆಯನ್ನು ತುಂಬಬೇಕು. ಅದಕ್ಕೆ ಬಳಸುವ ಸ್ಟೋಮಾ ಪೇಸ್ಟ್ ಅಂಟಲ್ಲ, ಗೋಡೆಯ ಬಿರುಕಿಗೆ ಮೆತ್ತುವ ಲಾಂಬಿಯ ಹಾಗೆ. ಹೆಚ್ಚು ಹಚ್ಚಿದಷ್ಟೂ ಜಾರುತ್ತದೆ. ಸಾಮಾನ್ಯ ಪೇಸ್ಟ್‌ನಲ್ಲಿ ಆಲ್ಕೋಹಾಲ್ ಇರುತ್ತದೆ, ಸುಲಿದ ಚರ್ಮಕ್ಕೆ ಬೆಂಕಿ ಇಟ್ಟ ಹಾಗೆ ಉರಿಯುತ್ತದೆ. ಅಪ್ಪನಿಗೆ ಈಗ ಅದು ಬೇಡ, ಆಲ್ಕೋಹಾಲ್ ಇಲ್ಲದ ರಿಂಗ್ ಅಥವಾ ಸ್ಟ್ರಿಪ್ ತುಂಡು ಮಾಡಿ ಮಡಿಕೆಗೆ ತುಂಬಿ. ಸ್ಟೋಮಾ ಚರ್ಮದ ಮಟ್ಟಕ್ಕೇ ಇದ್ದರೆ ಅಥವಾ ಒಳಕ್ಕೆ ಸರಿದಿದ್ದರೆ ಉಬ್ಬು ಪ್ಲೇಟ್, ಅಂದರೆ ಕಾನ್ವೆಕ್ಸ್, ಜೊತೆಗೆ ಬೆಲ್ಟ್ ಬೇಕಾಗುತ್ತದೆ. ಅದನ್ನು ಮಾತ್ರ ಸ್ಟೋಮಾ ನರ್ಸ್ ನೋಡಿ ಹೇಳಿದ ಮೇಲೇ ತನ್ನಿ, ಹರ್ನಿಯಾ ಇದ್ದರೆ ಅದರ ಒತ್ತಡದಿಂದ ಚರ್ಮಕ್ಕೆ ಹುಣ್ಣಾಗಬಹುದು.

ಉತ್ತರ 8

ಮನೆಮದ್ದಿಗೆ ಕಾಯದೆ ಆಸ್ಪತ್ರೆಗೆ ಹೋಗಬೇಕಾದ ಸಂದರ್ಭಗಳು: ಸ್ಟೋಮಾದ ಬಣ್ಣ ಗುಲಾಬಿ ಕೆಂಪು ಬಿಟ್ಟು ನೀಲಿ, ಕಡುನೇರಳೆ ಅಥವಾ ಕಪ್ಪಿಗೆ ತಿರುಗಿದರೆ. ಒತ್ತಿ ಹಿಡಿದರೂ ರಕ್ತ ನಿಲ್ಲದಿದ್ದರೆ ಅಥವಾ ಒಳಗಿನಿಂದ ಬರುತ್ತಿದ್ದರೆ. ಇಲಿಯೊಸ್ಟಮಿ ನಾಲ್ಕಾರು ಗಂಟೆ ಏನೂ ಬಿಡದೆ ಹೊಟ್ಟೆ ನುಲಿತ, ವಾಂತಿ ಇದ್ದರೆ. ದಿನಕ್ಕೆ 1,500 ಮಿ.ಲೀ. ದಾಟಿ ಹರಿಯುತ್ತಿದ್ದರೆ; ಸಾಮಾನ್ಯವಾಗಿ 500–800 ಆಸುಪಾಸು, ಸಾವಿರದೊಳಗೆ ಇರಬೇಕು. ಅಳತೆಯ ಜಗ್‌ಗೆ ಸುರಿದು ಒಂದು ದಿನ ಲೆಕ್ಕ ಬರೆದಿಡಿ. ಬರಿ ನೀರು ಕುಡಿಸಿದರೆ ಉಪ್ಪಿನಂಶ ಇನ್ನಷ್ಟು ಹೋಗುತ್ತದೆ, ಓಆರ್‌ಎಸ್ ಕೊಡುತ್ತಾ ಡಾಕ್ಟರಿಗೆ ತಿಳಿಸಿ. ನೇರಳೆ ಅಂಚಿನ, ಮುಟ್ಟಲಾರದಷ್ಟು ನೋಯುವ ಹುಣ್ಣು ಕಂಡರೂ ಬೇಗ ತೋರಿಸಿ, ಅದು ಪೌಡರಿಗೆ ಬಗ್ಗುವ ಕಾಯಿಲೆಯಲ್ಲ.

ತೂತು 30ಕ್ಕೆ ಇಳಿಸಿ ಪೌಡರ್–ಫಿಲ್ಮ್ ಮಾಡಿದರೆ ಎರಡು ಮೂರು ಬದಲಾವಣೆಯಲ್ಲಿ ಒಸರುವುದು ಕಡಿಮೆಯಾಗಬೇಕು. ವಾರ ಕಳೆದರೂ ಕಾಣದಿದ್ದರೆ ಸ್ಟೋಮಾ ನರ್ಸ್ ಹತ್ತಿರ ಹೋಗಿ. ಹೋಗುವಾಗ ಕೊನೆಗೆ ಕಿತ್ತ ಪ್ಲೇಟನ್ನು, ಮೇಲ್ಬದಿ ಯಾವುದು ಅಂತ ಪೆನ್ನಿನಲ್ಲಿ ಗುರುತು ಹಾಕಿ, ಒಂದು ಕವರಿನಲ್ಲಿ ಹಾಕಿಕೊಂಡೇ ಹೋಗಿ.